ನೀಲಿಯ ನೆರೆಹೊರೆ

ಬಾನಿನಲ್ಲಿ ಬಣ್ಣದ ಬಿರುಸು ಅರಳಿದಾಗ ನೋಡುವವರ ಬೆರಗಿಗೆ ನಾಲ್ಕಾರು ಕ್ಷಣಗಳ ಆಯುಷ್ಯ. ಜಪಾನಿನ ಬಾಣಗಾರನಿಗಾದರೋ ಅದು ವಾರಗಟ್ಟಲೆ ದುಡಿಮೆಯ ಫಲ. ಬಿರುಸಿನ ಗುಂಡಿನೊಳಗೆ ಅಡಕವಾಗಿರುವ ಮದ್ದಿನ ಉಂಡೆಗಳನ್ನು ಅವನು 'ಹೋಶಿ' ಎನ್ನುವನು, ಎಂದರೆ ನಕ್ಷತ್ರ. ಸಾಸಿವೆಯ ಜಾತಿಯ ಕಾಳೊಂದರ ಸುತ್ತ ಒದ್ದೆಮದ್ದನ್ನು ಪದರ ಪದರವಾಗಿ ಕಟ್ಟುತ್ತ, ಬಿಸಿಲಿನಲ್ಲಿ ಒಣಗಿಸುತ್ತ ಅದನ್ನು ಬೆಳೆಸುವುದು ಅಲ್ಲಿಯ ಸಂಪ್ರದಾಯ. ಹೊರಪದರ ಒಂದು ಬಣ್ಣದಲ್ಲಿ ಉರಿದು ತೀರಿದೊಡನೆ ಒಳಪದರ ಮತ್ತೊಂದರಲ್ಲಿ ಬೆಳಗಬೇಕು. ನಕ್ಷತ್ರಗಳೆಲ್ಲ ಒಂದೇ ಗಳಿಗೆಯಲ್ಲಿ ಬಣ್ಣ ಬದಲಿಸಿ, ಒಂದೇ ಗಳಿಗೆಯಲ್ಲಿ ಆರಬೇಕು. 1910ರಲ್ಲಿ ಆರಂಭವಾದ ಓಮಗರಿಯ ಸ್ಪರ್ಧೆಯಲ್ಲಿ ನುರಿತ ಕಸಬುದಾರರ ಅಳುಕೂ ಇದೇ.

ಯಾವ ಬಣ್ಣದ ಮಗ್ಗುಲಿಗೆ ಯಾವುದು? ಸೀರೆಗೆ ಅಂಚನ್ನು ಆರಿಸಿದಷ್ಟು ಸುಲಭವಲ್ಲ ಇದು. ಸ್ಟ್ರಾನ್ಷಿಯಂ ಕೆಂಪನ್ನೂ ಬೇರಿಯಂ ಹಸಿರನ್ನೂ ತಾಮ್ರ ನೀಲಿಯನ್ನೂ ಕೊಡುವುವು. ಆದರೆ ಇವುಗಳ ಬಲ ಸಮವಲ್ಲ. ತಾಮ್ರವೂ ಕ್ಲೋರಿನ್ನೂ ಕೂಡಿದ ಕಣವೇ ನೀಲಿಯ ತವರು. ಜ್ವಾಲೆಯ ಬಿಸಿ ಮಿತಿಮೀರಿದರೆ ಆ ಕಣ ಒಡೆದುಹೋಗುತ್ತದೆ. ಆದುದರಿಂದ ನೀಲಿಯನ್ನು ತಣ್ಣನೆಯ ಉರಿಯಲ್ಲಿಯೇ ಸಾಕಬೇಕು, ಅದು ಮಂಕಾಗಿಯೇ ಇರಬೇಕು. ಮೆಗ್ನೀಸಿಯಂನ ಕಣ್ಣು ಕುಕ್ಕುವ ಬಿಳುಪು ಪಕ್ಕದಲ್ಲಿ ಬಂದರೆ ನೀಲಿ ಇದ್ದೂ ಇಲ್ಲದಂತೆ. ಸೋಡಿಯಮ್ಮಿನ ಹಳದಿಯಂತೂ ಮಹಾ ಹೊಟ್ಟೆಬಾಕ: ಒಲೆಗೆ ಬಿದ್ದ ಚಿಟಿಕೆ ಉಪ್ಪು ಉರಿಯನ್ನೆಲ್ಲ ಹಳದಿಯಾಗಿಸುವುದನ್ನು ಕಾಣದ ಗೃಹಿಣಿ ಯಾರು? ನೀಲಿಗೆ ಒಪ್ಪುವ ನೆರೆಯೆಂದರೆ ಇದ್ದಲಿನ ಮಂದ ಹೊಂಬಣ್ಣ ಅಥವಾ ಬರಿಯ ಕತ್ತಲೆ. ಕೆಲವರು ಎರಡು ಬಣ್ಣಗಳ ನಡುವೆ ಬೆಳಕಿಲ್ಲದ ಪದರವೊಂದನ್ನು ಬೇಕೆಂದೇ ಇಡುವರು. ಕಣ್ಣಿಗೆ ಬಿಡುವು ಸಿಕ್ಕಿದ ಮೇಲೆ ಬಂದ ಬಣ್ಣ ಇಮ್ಮಡಿಯಾಗಿ ತೋರುತ್ತದೆ.

ಹಿಂದೆ ಜಪಾನಿನಲ್ಲಿ ಇದ್ದುದು ಇದ್ದಲಿನ ಕಿತ್ತಳೆಯೊಂದೇ. 1868ರ ಮೇಜಿ ಪರಿವರ್ತನೆಯ ತರುವಾಯ ಪಶ್ಚಿಮದಿಂದ ಪೊಟ್ಯಾಸಿಯಂ ಕ್ಲೋರೇಟು ಬಂದಿತು, ಬಣ್ಣಗಳೂ ಬಂದುವು; ಜೊತೆಗೆ ಮೃತ್ಯುವೂ ಬಂದಿತು. ಕ್ಲೋರೇಟಿಗೆ ಗಂಧಕ ಸೋಂಕಿದರೆ ಒಂದು ಉಜ್ಜು, ಒಂದು ಪೆಟ್ಟು ಸಾಕು. ಭಾರತದಲ್ಲಿ ಆ ಮಿಶ್ರಣ 1992ರಿಂದ ನಿಷಿದ್ಧ. ಮನೆಯ ಹಿತ್ತಿಲಲ್ಲಿ ಮದ್ದು ಅರೆಯಲು ಹೊರಡುವ ಹುಡುಗರ ಕಿವಿಗೆ ಇಷ್ಟನ್ನಾದರೂ ಹಾಕುವುದು ಹಿರಿಯರ ಹೊಣೆ.

2018ರಲ್ಲಿ ಸುಪ್ರೀಂ ಕೋರ್ಟು ಪಟಾಕಿಗಳಲ್ಲಿ ಬೇರಿಯಂ ಲವಣಗಳನ್ನೂ ನಿಷೇಧಿಸಿತು. ಬೇರಿಯಂ ಹೊಗೆ ಉಸಿರಿಗೆ ಒಳ್ಳೆಯದಲ್ಲ. ತೀರ್ಪು ನ್ಯಾಯವಾದುದೇ. ಆದರೆ ಕೆಂಪಿನ ಎದುರಿಗೆ ಸರಿಸಾಟಿಯಾಗಿ ನಿಲ್ಲುತ್ತಿದ್ದ ಬಣ್ಣ ಆ ಹಸಿರೇ. ಶಿವಕಾಶಿಯ ಕಸಬುದಾರ ಅದರ ಜಾಗಕ್ಕೆ ಬೇರೊಂದನ್ನು ಹುಡುಕಬೇಕಾಯಿತು. ನೀಲಿಗೆ ಅಷ್ಟು ಕಸುವಿಲ್ಲ.