ಮರಕ್ಕೆ ಕಾಯ್ದೆ ಇದೆ, ಮರ ಹತ್ತುವವನಿಗೆ?

ಮಳೆಗಾಲ ಬಂತು. ಬೆಂಗಳೂರಲ್ಲಿ ನಮ್ಮ ಕೇರಿ ಹುಡುಗರು ಮತ್ತೆ ಬರಿಗಾಲಲ್ಲಿ, ಸೊಂಟಕ್ಕೊಂದು ಹಗ್ಗ ಸುತ್ಕೊಂಡು ಕೊಂಬೆ ಕಡಿಯೋಕೆ ಹತ್ತುತ್ತಿದ್ದಾರೆ. ಮರ ಉಳಿಸೋಕೆ 1976ರಿಂದಲೇ ಕಾಯ್ದೆ ಇದೆ. ಹತ್ತುವವನ ಜೀವಕ್ಕೆ ಯಾರೂ ಫೈಲ್ ತೆರೆಯಲ್ಲ.

ತಮ್ಮಂದಿರಾ, ಜಾರಿ ಬಿದ್ದರೆ ಆ ಹಗ್ಗವೇ ಬೆನ್ನು ಮುರಿಯುತ್ತೆ. ಸೊಂಟ, ತೊಡೆ ಎರಡನ್ನೂ ಹಿಡಿಯೋ ಬೆಲ್ಟು, ಗದ್ದದ ಪಟ್ಟಿ ಇರೋ ಹೆಲ್ಮೆಟ್ಟು ಕೇಳಿ. ದಪ್ಪ ಕೊಂಬೆಯನ್ನ ಮೊದಲು ಅಡಿಯಿಂದ ಸ್ವಲ್ಪ ಕೊಯ್ದು, ಆಮೇಲೆ ಮೇಲಿಂದ ಕೊಯ್ಯಿರಿ. ಇಲ್ಲದಿದ್ದರೆ ಸೀಳ್ಕೊಂಡು ನಿಮ್ಮ ಮೇಲೇ ಬರುತ್ತೆ. ಹತ್ತಿರ ಕರೆಂಟ್ ತಂತಿ ಇದ್ದರೆ, ಲೈನ್‌ಮನ್ ಬಂದು ಲೈನ್ ತೆಗೆಯೋವರೆಗೂ ಹತ್ತಬೇಡಿ.

'ಕೇಳಿದರೆ ನಾಳೆ ಕೆಲಸಕ್ಕೆ ಕರೆಯಲ್ಲ' ಅಂತೀರಿ. ಗೊತ್ತು. ಅದಕ್ಕೇ ಒಬ್ಬೊಬ್ಬರೇ ಹೋಗಬೇಡಿ. ಗುಮಾಸ್ತನಾಗಿ ಹೇಳ್ತೀನಿ, ಬಾಯಿಮಾತು ಕಚೇರಿಯಲ್ಲಿ ನಿಲ್ಲಲ್ಲ. ಎಲ್ಲರೂ ಸಹಿ ಹಾಕಿ ಅರ್ಜಿ ಕೊಡಿ, ನಿಮ್ಮ ಪ್ರತಿಗೆ ಸೀಲ್ ಹಾಕಿಸ್ಕೊಳ್ಳಿ. ಅರ್ಜಿ ನಾನು ಬರೆದುಕೊಡ್ತೀನಿ.

ಜೈ ಭೀಮ್.