ಆಕಾಶದ ನೀಲಿಗೆ ರಾಮನ್ ಹೆಸರು ಬೇಡ

ವಿದ್ಯಾರ್ಥಿಗಳೇ, ಫೆಬ್ರವರಿ 28 ಬಂತೆಂದರೆ ನಿಮ್ಮ ಶಾಲೆಯಲ್ಲಿ ರಾಷ್ಟ್ರೀಯ ವಿಜ್ಞಾನ ದಿನ. ಸರ್ ಸಿ.ವಿ. ರಾಮನ್ ಅವರ ಭಾವಚಿತ್ರಕ್ಕೆ ಹಾರ, ಭಾಷಣ, ರಸಪ್ರಶ್ನೆ. ಭಾಷಣದಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ಆಕಾಶ ನೀಲಿಯಾಗಿ ಕಾಣಲು ರಾಮನ್ ಪರಿಣಾಮವೇ ಕಾರಣ." ಇದು ತಪ್ಪು. ಕೆಲವು ವರ್ಷಗಳ ಹಿಂದೆ ನಾನೇ ನಡೆಸಿದ ರಸಪ್ರಶ್ನೆಯಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು "ಅದು ರಾಮನ್ ಪರಿಣಾಮ ಅಲ್ಲ ಮೇಡಂ" ಎಂದಳು. ಕೈಯಲ್ಲಿದ್ದ ಉತ್ತರದ ಹಾಳೆ ನೋಡಿ ಅವಳಿಗೆ ಸೊನ್ನೆ ಕೊಟ್ಟೆ. ಆ ಹಾಳೆಯನ್ನು ಬರೆದವಳೂ ನಾನೇ!

ಆಕಾಶದ ನೀಲಿಯನ್ನು ಇಂಗ್ಲೆಂಡಿನ ಲಾರ್ಡ್ ರೇಲೆ ಮೊದಲೇ ವಿವರಿಸಿದ್ದರು. ಗಾಳಿಯ ಅಣುಗಳು ಬಿಸಿಲಿನಲ್ಲಿರುವ ನೀಲಿ ಬೆಳಕನ್ನು ಕೆಂಪು ಬೆಳಕಿಗಿಂತ ಹೆಚ್ಚು ಚದುರಿಸುತ್ತವೆ. ಚದುರಿದರೂ ನೀಲಿ ನೀಲಿಯಾಗಿಯೇ ಇರುತ್ತದೆ. 1928ರಲ್ಲಿ ಕಲ್ಕತ್ತೆಯಲ್ಲಿ ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಕಂಡದ್ದು ಬೇರೆಯೇ ಸಂಗತಿ. ಚದುರಿದ ಬೆಳಕಿನಲ್ಲಿ ಅತಿ ಸಣ್ಣ ಪಾಲು ತನ್ನ ಬಣ್ಣವನ್ನೇ ಕೊಂಚ ಬದಲಿಸಿಕೊಂಡು ಬರುತ್ತದೆ.

ಏಕೆ ಬದಲಾಗುತ್ತದೆ? ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅಜ್ಜಿ ಏನು ಮಾಡುತ್ತಾರೆ, ನೋಡಿದ್ದೀರಾ? ಬೆರಳಿನಿಂದ ತಟ್ಟಿ ಕಿವಿಗೊಡುತ್ತಾರೆ. ಬಿರುಕಿದ್ದರೆ ದನಿಯೇ ಹೇಳುತ್ತದೆ. ಹರಳಿನೊಳಗಿನ ಪರಮಾಣುಗಳೂ ಸುಮ್ಮನೆ ಕುಳಿತಿಲ್ಲ, ಸದಾ ಕಂಪಿಸುತ್ತಿರುತ್ತವೆ. ಬೆಳಕು ಆ ಕಂಪನಕ್ಕೆ ಸ್ವಲ್ಪ ಶಕ್ತಿ ಕೊಟ್ಟು ಬರುತ್ತದೆ, ಇಲ್ಲವೇ ಅದರಿಂದ ಪಡೆದು ಬರುತ್ತದೆ. ಬಣ್ಣ ಎಷ್ಟು ಬದಲಾಯಿತು ಎಂದು ಅಳೆದರೆ ಕಂಪನದ ವೇಗ ತಿಳಿಯುತ್ತದೆ. ಹರಳನ್ನು ಒಡೆಯಬೇಕಾಗಿಲ್ಲ.

ಇದರಿಂದ ಏನುಪಯೋಗ ಎನ್ನುವಿರಾ? ಪೆರೋವ್‌ಸ್ಕೈಟ್ ಎಂಬ ಖನಿಜ 1839ರಲ್ಲಿ ರಷ್ಯದ ಯೂರಲ್ ಪರ್ವತಗಳಲ್ಲಿ ಸಿಕ್ಕಿತು. ಅದೇ ಬಗೆಯ ಜೋಡಣೆ ಇರುವ ಆಕ್ಸೈಡ್‌ಗಳು ಈಗ ಬಹಳಷ್ಟಿವೆ. ಅಡುಗೆಮನೆಯ ಗ್ಯಾಸ್ ಲೈಟರ್ 'ಕಟಕ್' ಎಂದಾಗ ಕಿಡಿ ಹಾರಿಸುವುದು ಸಾಮಾನ್ಯವಾಗಿ ಇಂಥ ವಸ್ತುವೇ. ಇವುಗಳಲ್ಲಿ ನನಗೆ ಅಚ್ಚುಮೆಚ್ಚು ಸ್ಟ್ರಾನ್ಷಿಯಂ ಟೈಟನೇಟ್. ಅದರಲ್ಲಿ ಪ್ರತಿ ಟೈಟಾನಿಯಂ ಪರಮಾಣುವಿನ ಸುತ್ತ ಆರು ಆಕ್ಸಿಜನ್ ಪರಮಾಣುಗಳಿರುತ್ತವೆ. ಹರಳನ್ನು ಸುಮಾರು ಮೈನಸ್ 168 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗೆ ಮಾಡಿದರೆ ಈ ಆರರ ಗುಂಪುಗಳು ಕೊಂಚ ತಿರುಗಿ ನಿಲ್ಲುತ್ತವೆ. ಒಂದು ಗುಂಪು ಎಡಕ್ಕೆ ತಿರುಗಿದರೆ ಪಕ್ಕದ್ದು ಬಲಕ್ಕೆ. ಹೀಗೆ ತಣ್ಣಗಾದ ಹರಳನ್ನು ಮತ್ತೆ ಮೆಲ್ಲಗೆ ಬಿಸಿಮಾಡುತ್ತಾ ಹೋದರೆ, ಆ ತಿರುಗಾಟದ ಕಂಪನ ನಿಧಾನ, ಇನ್ನೂ ನಿಧಾನ ಆಗುತ್ತದೆ. ರಚನೆ ಬದಲಾಗಲಿದೆ ಎಂಬ ಮುನ್ಸೂಚನೆ ಅದು. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೂರಿ, ಸ್ಕಾಟ್, ವರ್ಲಾಕ್ 1968ರಲ್ಲಿ ಇದನ್ನು ರಾಮನ್ ಚದುರುವಿಕೆಯಿಂದಲೇ ಕಂಡರು.

ಇಂಥದೇ ಸುಳಿವು ಅದಕ್ಕೂ ಮೊದಲು, 1940ರಲ್ಲೇ, ನಮ್ಮ ಬೆಂಗಳೂರಿನಲ್ಲಿ ಸಿಕ್ಕಿತ್ತು. ರಾಮನ್ ಮತ್ತು ನೆಡುಂಗಾಡಿ ಬೆಣಚುಕಲ್ಲಿನ ಹರಳನ್ನು ಕಾಯಿಸುತ್ತಾ ಹೋದರು. ಅದರ ರಚನೆ ಬದಲಾಗುವ 573 ಡಿಗ್ರಿ ಸಮೀಪಿಸಿದಂತೆ ಒಂದು ಕಂಪನ ನಿಧಾನವಾಗುತ್ತಾ ಬಂದುದನ್ನು ಗುರುತಿಸಿದರು. ಇಷ್ಟು ಸೊಗಸಾದ ಕಥೆಯನ್ನು ಬಿಟ್ಟು, ಅವರದಲ್ಲದ ನೀಲಿಯನ್ನು ಅವರ ತಲೆಗೆ ಕಟ್ಟುವುದೇಕೆ?

ಈ ಬಾರಿ ಭಾಷಣಕ್ಕೆ ನಿಂತಾಗ ಒಂದು ಮಡಕೆ ಒಯ್ಯಿರಿ. ತಟ್ಟಿ ತೋರಿಸಿ, ಆಮೇಲೆ ಹರಳಿನ ವಿಷಯ ಹೇಳಿ. ರಸಪ್ರಶ್ನೆಯಲ್ಲಿ ಹಳೆಯ ಪ್ರಶ್ನೆಯೇ ಬಂದರೆ ನಿಮ್ಮ ಉತ್ತರವನ್ನು ಬದಲಿಸಬೇಡಿ. ಬೇಕಿದ್ದರೆ ಈ ಪುಟವನ್ನು ನಿಮ್ಮ ಟೀಚರಿಗೆ ತೋರಿಸಿ.