ನೋವು ಹೇಳಿಕೊಂಡರೆ ಸಬ್ರ್ ಕೆಡುವುದಿಲ್ಲ



ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಗೆ ಹೊರಟ ಹೆಣ್ಣಿಗಾಗಿ ನಮ್ಮ ಮನೆಗಳಲ್ಲಿ ದುಆ ಮಾಡುತ್ತಾರೆ, ಸದಕಾ ಕೊಡುತ್ತಾರೆ, ಸಬ್ರ್ ಮಾಡಮ್ಮಾ ಎಂದು ತಲೆ ಸವರುತ್ತಾರೆ. ಎಲ್ಲವೂ ಒಳ್ಳೆಯದೇ. ಆದರೆ ಆಪರೇಶನ್ ಆದ ರಾತ್ರಿ ಆಕೆಯ ನೋವಿಗೆ ಏನು ಮಾಡುವಿರಿ ಎಂದು ವೈದ್ಯರಲ್ಲಿ ಕೇಳುವವರು ಕಡಿಮೆ. ಆಕೆಯೂ ಕೇಳುವುದಿಲ್ಲ. ನರಳಿದರೆ ಸಬ್ರ್ ಹೋಯಿತೆಂಬ ಭಯ. ಜೊತೆಗೆ ನೋವಿರುವ ಜಾಗವನ್ನು ಹೇಳಲು ಸಂಕೋಚ.

ಸಬ್ರ್‌ಗೆ ನಾವು ಕೊಡುವ ಮೊದಲ ಉದಾಹರಣೆ ಪ್ರವಾದಿ ಅಯ್ಯೂಬ್(ಅ). ಅವರು ತಮ್ಮ ಬಾಧೆಯನ್ನು ಅಲ್ಲಾಹನಲ್ಲಿ ಬಾಯಿಬಿಟ್ಟು ಹೇಳಿಕೊಂಡವರು. ಕಾಲಿನಿಂದ ನೆಲವನ್ನು ಬಡಿಯಲು ಆಜ್ಞೆಯಾಯಿತು, ತಣ್ಣನೆಯ ನೀರು ದೊರೆಯಿತು. ಚಿಕಿತ್ಸೆ ಮಾಡಿಕೊಳ್ಳಿರೆಂದು ನಮ್ಮ ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನೋವಿನ ಚಿಕಿತ್ಸೆ ಅದರಿಂದ ಹೊರಗಿದೆಯೇ?

ಈ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆಯಲ್ಲಿ ನಡೆಯುತ್ತದೆ. ಎಚ್ಚರವಾದಾಗ ಎದೆ ಮತ್ತು ಕಂಕುಳಿನ ನೋವು ಶುರುವಾಗುತ್ತದೆ. ಮಾರ್ಫಿನ್ ಜಾತಿಯ ಔಷಧಿಗಳು ಅದನ್ನು ತಗ್ಗಿಸುತ್ತವೆ, ಆದರೆ ವಾಕರಿಕೆ, ಮಂಪರು ತರುತ್ತವೆ. ಇವುಗಳ ಅಗತ್ಯವನ್ನು ಕಡಿಮೆ ಮಾಡುವ ಒಂದು ದಾರಿ ನರ್ವ್ ಬ್ಲಾಕ್. ಎದೆಯ ನರಗಳು ಬೆನ್ನುಮೂಳೆಯ ಬದಿಯಿಂದ ಹೊರಟು ಪಕ್ಕೆಲುಬುಗಳ ನಡುವೆ ಮುಂದಕ್ಕೆ ಬರುತ್ತವೆ. ಆ ದಾರಿಯಲ್ಲಿ ಮರಗಟ್ಟಿಸುವ ಔಷಧಿ ಹಾಕಿದರೆ ನೋವಿನ ಸುದ್ದಿ ಮೆದುಳಿಗೆ ಮುಟ್ಟುವುದಿಲ್ಲ. ಬೆನ್ನುಮೂಳೆಯ ಪಕ್ಕ ಕೊಡುವುದು ಪ್ಯಾರಾವರ್ಟಿಬ್ರಲ್ ಬ್ಲಾಕ್. ಇದು ನೂರು ವರ್ಷಕ್ಕೂ ಹಳೆಯದು. ಎದೆಯ ಸ್ನಾಯುಗಳ ಪದರಗಳ ನಡುವೆ ಕೊಡುವ ಪೆಕ್ಸ್ ಬ್ಲಾಕನ್ನು ರಫೇಲ್ ಬ್ಲಾಂಕೋ ಎಂಬ ವೈದ್ಯರು 2011ರಲ್ಲಿ ವಿವರಿಸಿದರು. ಈಗ ಅಲ್ಟ್ರಾಸೌಂಡ್ ಪರದೆಯಲ್ಲಿ ಸೂಜಿಯ ತುದಿಯನ್ನು ನೋಡುತ್ತಲೇ ಕೊಡುತ್ತಾರೆ. ತಜ್ಞರ ಪ್ರಾಸ್ಪೆಕ್ಟ್ ತಂಡವು 2020ರಲ್ಲಿ ದೊಡ್ಡ ಸ್ತನ ಶಸ್ತ್ರಚಿಕಿತ್ಸೆಗಳಿಗೆ ಪ್ಯಾರಾವರ್ಟಿಬ್ರಲ್ ಬ್ಲಾಕನ್ನು ಮೊದಲ ಆಯ್ಕೆಯಾಗಿಯೂ ಪೆಕ್ಸನ್ನು ಬದಲಿಯಾಗಿಯೂ ಸೂಚಿಸಿತು, ಜೊತೆಗೆ ಪ್ಯಾರಾಸಿಟಮಾಲ್‌ನಂತಹ ಮಾತ್ರೆಗಳನ್ನೂ.

ಇಲ್ಲದ ಆಸೆ ಬೇಡ. ಬ್ಲಾಕ್ ಕೊಟ್ಟರೆ ಕ್ಯಾನ್ಸರ್ ಮರಳುವುದಿಲ್ಲವೆಂಬ ಮಾತೊಂದಿತ್ತು. 2,100ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂತಹ ಲಾಭ ಕಾಣಲಿಲ್ಲ. ಅದರಲ್ಲೇ, ಆರು ತಿಂಗಳ ಬಳಿಕ ಅರ್ಧದಷ್ಟು ಮಹಿಳೆಯರಿಗೆ ಗಾಯದ ಜಾಗದಲ್ಲಿ ನೋವಿತ್ತು, ಬ್ಲಾಕ್ ಪಡೆದವರಿಗೂ ಪಡೆಯದವರಿಗೂ. ಆದ್ದರಿಂದ ತಿಂಗಳುಗಳ ನಂತರದ ಉರಿ, ಚುಚ್ಚುವಿಕೆಯನ್ನೂ ವೈದ್ಯರಲ್ಲಿ ಹೇಳಲೇಬೇಕು. ಬ್ಲಾಕ್‌ನ ನಿಜವಾದ ಉಪಕಾರ ಮೊದಲ ದಿನದ್ದು. ಅದೇನೂ ಸಣ್ಣದಲ್ಲ, ಆ ಮೊದಲ ರಾತ್ರಿಯನ್ನು ಕಳೆದವರನ್ನು ಕೇಳಿ ನೋಡಿ.

ಎಲ್ಲರಿಗೂ ಇದು ಹೊಂದುವುದಿಲ್ಲ. ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತಿದ್ದರೆ, ಮರಗಟ್ಟಿಸುವ ಔಷಧಿಗೆ ಅಲರ್ಜಿ ಇದ್ದರೆ ಮೊದಲೇ ತಿಳಿಸಿ. ಅಪರೂಪಕ್ಕೆ ಸೂಜಿ ಶ್ವಾಸಕೋಶದ ಹೊದಿಕೆಗೆ ತಾಗುವುದೂ ಉಂಟು. ಇದನ್ನೆಲ್ಲ ಕೇಳಬೇಕಾದದ್ದು ಅರಿವಳಿಕೆ ವೈದ್ಯರಲ್ಲಿ, ಆಪರೇಶನ್ ಥಿಯೇಟರಿನ ಬಾಗಿಲಲ್ಲಲ್ಲ, ಮುಂಚಿನ ತಪಾಸಣೆಯ ದಿನ. ನಿಮಗೆ ಬಾಯಿ ಬಾರದಿದ್ದರೆ ಪತಿಯೋ ಮಗಳೋ ಕೇಳಲಿ. ಔರತ್‌ನ ಚಿಂತೆಯಿದ್ದರೆ ಮಹಿಳಾ ವೈದ್ಯರಿದ್ದಾರೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಅಗತ್ಯವಿರುವಷ್ಟೇ ಜಾಗ ತೆರೆದು ಉಳಿದದ್ದನ್ನು ಮುಚ್ಚಿರಿ ಎಂದು ಹೇಳಲು ಹಿಂಜರಿಯಬೇಡಿ. ಚಿಕಿತ್ಸೆಯ ಅಗತ್ಯಕ್ಕೆ ಶರೀಅತ್ ಅವಕಾಶ ಕೊಟ್ಟಿದೆ.

ನೋವಿಗೆ ಹೆದರಿ ತೋಳನ್ನು ಅಲುಗಿಸದೆ ಇಟ್ಟರೆ ಭುಜ ಬಿಗಿದುಕೊಳ್ಳುತ್ತದೆ. ವೈದ್ಯರು ಹೇಳಿದ ವ್ಯಾಯಾಮ ಮಾಡಿ. ತಕ್ಬೀರ್‌ಗೆ ಕೈ ಎತ್ತಲಾಗದಿದ್ದರೂ ನಮಾಝ್ ಸಿಂಧುವಾಗುತ್ತದೆ, ಸುಜೂದ್ ಆಗದಿದ್ದರೆ ಸನ್ನೆ ಸಾಕು. ಇನ್ನೊಂದು ಮಾತು: ಒಂದು ಸಲದ ಬ್ಲಾಕ್ ಹೆಚ್ಚೆಂದರೆ ಒಂದು ದಿನದ ಆಸುಪಾಸು ನಿಲ್ಲುತ್ತದೆ. ಇಳಿಯುವುದು ನಡುರಾತ್ರಿಯಲ್ಲೂ ಆಗಬಹುದು. ಮೊದಲ ಮಾತ್ರೆ ಎಷ್ಟು ಗಂಟೆಗೆ ಎಂದು ನರ್ಸಮ್ಮನಲ್ಲಿ ಸಂಜೆಯೇ ಕೇಳಿಟ್ಟುಕೊಳ್ಳಿ.